ಬಂದಾಗಿದೆ, ನೆಲೆಸಿಯೂ ಆಗಿದೆ: ಅಮೆರಿಕದ ಅಕ್ರಮ-ಸಕ್ರಮ ಚರ್ಚೆಗೆ ಒಂದು ಪ್ರವೇಶ

2025ರ ಫೆಬ್ರುವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು 104 ಭಾರತೀಯರನ್ನು ತಂದು ಅಮೃತಸರದಲ್ಲಿ ಇಳಿಸಿತು. ಹೆಚ್ಚಿನವರು ಪಂಜಾಬ್, ಹರಿಯಾಣ, ಗುಜರಾತಿನವರು. ಇಂಥ ಪ್ರಯಾಣಕ್ಕೆ ಏಜೆಂಟರು ಲಕ್ಷಗಟ್ಟಲೆ ವಸೂಲಿ ಮಾಡುತ್ತಾರೆ. ದೇಶದಿಂದ ದೇಶಕ್ಕೆ ದಾಟಿಸುವ ಆ ದಾರಿಗೆ ‘ಡಂಕಿ’ ಎಂದೇ ಹೆಸರು. ಬಂದವರ ಕೈಕಾಲಿಗೆ ಬೇಡಿ ಹಾಕಿದ್ದು ಸರಿಯೇ ಎಂದು ನಮ್ಮ ಸಂಸತ್ತಿನಲ್ಲಿ ಗದ್ದಲವಾಯಿತು, ಟಿ.ವಿ.ಗಳಲ್ಲಿ ಅದೇ ಮಾತು. ಆದರೆ ಅಮೆರಿಕದವರು ನಲವತ್ತು ವರ್ಷಗಳಿಂದ ಜಗಳವಾಡುತ್ತಿರುವುದು ವಿಮಾನ ಹತ್ತಿಸಿದವರಿಗಿಂತ ಹೆಚ್ಚಾಗಿ ಹತ್ತಿಸದೆ ಉಳಿದವರ ಬಗ್ಗೆ. ಕಾಗದಪತ್ರವಿಲ್ಲದೆ ಹತ್ತಿಪ್ಪತ್ತು ವರ್ಷ ಅಲ್ಲೇ ದುಡಿದು, ಮನೆ ಮಾಡಿ, ಮಕ್ಕಳನ್ನು ಬೆಳೆಸಿದವರನ್ನು ಏನು ಮಾಡುವುದು? ಕಾನೂನುಬದ್ಧ ನಿವಾಸಿಗಳೆಂದು ಒಪ್ಪುವುದೋ, ಹೊರಗೆ ಕಳಿಸುವುದೋ, ಈಗಿರುವ ಹಾಗೆಯೇ ಬಿಟ್ಟುಬಿಡುವುದೋ?

ಈ ವಿಷಯಕ್ಕೆ ಹೊಸಬರಾದವರಿಗೆಂದು ಬುಡದಿಂದ ಹೇಳುತ್ತೇನೆ. ಮೊದಲಿಗೆ, ಇವರು ಯಾರು?

ಮರುಭೂಮಿಯಲ್ಲಿ ನಡೆದು, ಬೇಲಿ ಹಾರಿ ಬಂದವರು ಎಂಬ ಚಿತ್ರ ಎಲ್ಲರ ತಲೆಯಲ್ಲಿದೆ. ಅಂಥವರು ಇದ್ದಾರೆ. ಆದರೆ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿಕೊಂಡೇ ಬಂದು, ವೀಸಾ ಅವಧಿ ಮುಗಿದ ಮೇಲೂ ಹಿಂತಿರುಗದವರ ಸಂಖ್ಯೆಯೂ ಬಹಳ ದೊಡ್ಡದು. ಕಾನೂನಿನ ಕಣ್ಣಿಗೆ ಇವರಿಬ್ಬರೂ ಒಂದೇ ಅಲ್ಲ. ತಪಾಸಣೆ ತಪ್ಪಿಸಿ ಗಡಿ ದಾಟುವುದು ಅಪರಾಧ. ಮೊದಲ ಸಲವಾದರೆ ಹೆಚ್ಚೆಂದರೆ ಆರು ತಿಂಗಳ ಜೈಲು. ವೀಸಾ ಮುಗಿದ ಮೇಲೆ ಉಳಿದುಕೊಳ್ಳುವುದು ಕ್ರಿಮಿನಲ್ ಅಪರಾಧವಲ್ಲ, ಸಿವಿಲ್ ಉಲ್ಲಂಘನೆ. ಗಡೀಪಾರು ಮಾಡಬಹುದು, ಅದಕ್ಕೆಂದು ಜೈಲು ಶಿಕ್ಷೆ ಕೊಡುವಂತಿಲ್ಲ. ಗಡೀಪಾರಿಗೆ ಅರ್ಹನಾದವನು ದೇಶದಲ್ಲಿ ಇದ್ದಾನೆ ಎಂಬುದೇ ಸಾಮಾನ್ಯವಾಗಿ ಅಪರಾಧವಾಗುವುದಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2012ರ ಅರಿಜೋನಾ ಪ್ರಕರಣದಲ್ಲಿ ಹೇಳಿತು. ‘ಅವರೆಲ್ಲ ಕ್ರಿಮಿನಲ್‌ಗಳು’ ಎಂಬ ಮಾತು ಕೇಳಿದಾಗ ಇಷ್ಟನ್ನು ನೆನಪಿಟ್ಟುಕೊಂಡರೆ ಸಾಕು.

ಇಂಥವರು ಎಷ್ಟು ಮಂದಿ? ಯಾವ ದಾಖಲೆಯಲ್ಲೂ ಇಲ್ಲದವರನ್ನು ತಲೆ ಎಣಿಸಲಾಗದು, ಅಂದಾಜಿಸಬಹುದು. ಅಮೆರಿಕದ ಆಂತರಿಕ ಭದ್ರತಾ ಇಲಾಖೆ 2022ಕ್ಕೆ ಕೊಟ್ಟ ಅಂದಾಜು 1.1 ಕೋಟಿ. ಪ್ಯೂ ಸಂಶೋಧನಾ ಕೇಂದ್ರ 2023ಕ್ಕೆ ಹೇಳಿದ್ದು 1.4 ಕೋಟಿ. ಭಾರತೀಯರ ಲೆಕ್ಕದಲ್ಲಂತೂ ಅಜಗಜಾಂತರ: 2022ಕ್ಕೆ ಸರ್ಕಾರದ ಅಂದಾಜು 2.2 ಲಕ್ಷ, ಪ್ಯೂ ಅಂದಾಜು 7 ಲಕ್ಷದ ಆಸುಪಾಸು. ವಿಧಾನ ಬೇರೆ, ಸಂಖ್ಯೆ ಬೇರೆ. ಹಾಗಾಗಿ ಭಾಷಣಗಳಲ್ಲಿ ಮೂರು ಕೋಟಿ, ನಾಲ್ಕು ಕೋಟಿ ಎಂದು ಯಾರಾದರೂ ಖಡಾಖಂಡಿತವಾಗಿ ಹೇಳಿದರೆ ಹಾಗೇ ನಂಬಬೇಡಿ.

‘ಕಾನೂನು ಮಾನ್ಯತೆ’ ಎಂಬುದೂ ಒಂದೇ ವಸ್ತುವಲ್ಲ. ತೀರ ಕೆಳಮಟ್ಟದ್ದು, ‘ಸದ್ಯಕ್ಕೆ ನಿನ್ನನ್ನು ಕಳಿಸುವುದಿಲ್ಲ, ಕೆಲಸ ಮಾಡಿಕೊಂಡಿರು’ ಎಂಬ ತಾತ್ಕಾಲಿಕ ಭರವಸೆ. ಅದನ್ನು ಸರ್ಕಾರ ಯಾವಾಗ ಬೇಕಾದರೂ ಹಿಂಪಡೆಯಬಹುದು. ತಾಯ್ನಾಡಿನಲ್ಲಿ ಯುದ್ಧವೋ ಭೂಕಂಪವೋ ಆದಾಗ ಅಲ್ಲಿಯವರಿಗೆ ಕೊಡುವ ತಾತ್ಕಾಲಿಕ ರಕ್ಷಣೆ ಇನ್ನೊಂದು. ಇದು 1990ರ ಕಾನೂನಿನಿಂದ ಬಂದದ್ದು. ಅದರ ಮೇಲೆ ಕಾಯಂ ವಾಸದ ಗ್ರೀನ್ ಕಾರ್ಡ್. ಅದು ಸಿಕ್ಕಿ ಸಾಮಾನ್ಯವಾಗಿ ಐದು ವರ್ಷವಾದ ಮೇಲೆ ಪೌರತ್ವ, ಅದರ ಜೊತೆಗೆ ಮತದಾನದ ಹಕ್ಕು. ರಾಜಕೀಯದ ಕಾವೆಲ್ಲ ಇರುವುದು ಈ ಕೊನೆಯ ಹಂತದಲ್ಲಿ. ರಿಪಬ್ಲಿಕನ್ ಪಕ್ಷದ ಮರಿಯಾ ಎಲ್ವಿರಾ ಸಲಾಜಾರ್ ಮತ್ತು ಡೆಮಾಕ್ರಟಿಕ್ ಪಕ್ಷದ ವೆರೋನಿಕಾ ಎಸ್ಕೊಬಾರ್ 2025ರಲ್ಲಿ ಜೊತೆಯಾಗಿ ಮಂಡಿಸಿದ ‘ಡಿಗ್ನಿಟಿ’ ಮಸೂದೆ ಈ ಗಂಟನ್ನೇ ಬಿಡಿಸಲು ಹೊರಟದ್ದು. ಅರ್ಹರಾದವರು ಏಳು ವರ್ಷಗಳಲ್ಲಿ 7,000 ಡಾಲರ್ ದಂಡ ಕಟ್ಟಲಿ, ಇರಲು ಮತ್ತು ದುಡಿಯಲು ಅನುಮತಿ ಪಡೆಯಲಿ, ಆದರೆ ಅದರಿಂದ ಪೌರತ್ವ ಬೇಡ ಎನ್ನುತ್ತದೆ ಅದು. ಒಂದು ಕಡೆಯವರಿಗೆ ಇದು ನ್ಯಾಯವಾದ ರಾಜಿ. ಇನ್ನೊಂದು ಕಡೆಯವರಿಗೆ, ಮತವಿಲ್ಲದ ದುಡಿಯುವ ವರ್ಗವೊಂದನ್ನು ಕಾನೂನೇ ಸೃಷ್ಟಿಸಿದಂತೆ.

ಇನ್ನು ನಮ್ಮ ಜನ ಎಲ್ಲಕ್ಕಿಂತ ಹೆಚ್ಚಾಗಿ ಕೇಳುವ ಪ್ರಶ್ನೆ: ‘ಬೇರೆಯವರ ಹಾಗೆ ಸಾಲಿನಲ್ಲಿ ನಿಂತು ಬರಬಹುದಿತ್ತಲ್ಲ?’ ಎಚ್-1ಬಿ ಎಂಬ ತಾತ್ಕಾಲಿಕ ಉದ್ಯೋಗ ವೀಸಾದಲ್ಲಿ ಹೋಗಿ, ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಕಾಯುತ್ತಿರುವ ನ್ಯೂಜೆರ್ಸಿಯ ಅಥವಾ ಬೇ ಏರಿಯಾದ ಕನ್ನಡಿಗ ಇದನ್ನು ಕೇಳಿದರೆ ಅದರಲ್ಲಿ ನಿಜವಾದ ಸಂಕಟವಿದೆ. ಉತ್ತರ ಮಾತ್ರ ಅಷ್ಟು ಸರಳವಲ್ಲ. ಅಮೆರಿಕದ ಗ್ರೀನ್ ಕಾರ್ಡ್ ಸಿಗುವುದು ಮುಖ್ಯವಾಗಿ ಹತ್ತಿರದ ಬಂಧುಗಳ ಮೂಲಕ ಅಥವಾ ಉದ್ಯೋಗದಾತನ ಮೂಲಕ. ಅಮೆರಿಕನ್ ಪ್ರಜೆಯಾದ ಅಣ್ಣನೋ ಅಕ್ಕನೋ ಅರ್ಜಿ ಹಾಕಿದರೆ ಮೆಕ್ಸಿಕೋದವನ ಸರದಿ ಬರಲು 20 ವರ್ಷಕ್ಕೂ ಹೆಚ್ಚು ಬೇಕು. ಹೊಲದಲ್ಲಿ ಲೆಟ್ಯೂಸ್ ಕೀಳುವ, ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸಗಾರರಿಗೆ ಇಡೀ ಪ್ರಪಂಚಕ್ಕೆ ಸೇರಿ ಕಾನೂನು ಇಟ್ಟಿರುವ ಮಿತಿ ವರ್ಷಕ್ಕೆ 10,000 ಗ್ರೀನ್ ಕಾರ್ಡ್. ಕೃಷಿಗೆಂದು ಎಚ್-2ಎ ಎಂಬ ವೀಸಾ ಇದೆ, ಅದಕ್ಕೆ ಸಂಖ್ಯೆಯ ಮಿತಿಯೂ ಇಲ್ಲ. ಆದರೆ ಅದು ಹಂಗಾಮಿಗೆ ಮಾತ್ರ, ಎಷ್ಟು ವರ್ಷ ಬಂದು ಹೋದರೂ ತಾನಾಗಿ ಗ್ರೀನ್ ಕಾರ್ಡಿಗೆ ದಾರಿ ಮಾಡುವುದಿಲ್ಲ. ಅತ್ತ, ಅಮೆರಿಕದ ಬೆಳೆ ಹೊಲಗಳ ಕೂಲಿಗಳಲ್ಲಿ ಶೇ. 40ರಷ್ಟು ಮಂದಿ ದಾಖಲೆಯಿಲ್ಲದವರು ಎನ್ನುತ್ತದೆ ಅಲ್ಲಿನ ಕೃಷಿ ಇಲಾಖೆ. ಬಂಧುಗಳಿಲ್ಲದ, ಪದವಿಯಿಲ್ಲದ ಕೂಲಿಯವನಿಗೆ ನಿಲ್ಲಲು ಸಾಲೇ ಇಲ್ಲ ಎಂದರೆ ಅತಿಶಯೋಕ್ತಿಯಲ್ಲ.

ಬಂದ ಮೇಲಾದರೂ ಸರಿಪಡಿಸಿಕೊಳ್ಳಬಹುದೇ? ‘ಅಮೆರಿಕದವಳನ್ನು ಮದುವೆಯಾದರೆ ಆಯ್ತಲ್ಲ’ ಎಂದು ಈ ಮಾತು ಬಂದಾಗ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ, ಎಲ್ಲರೂ ನಗುತ್ತಾರೆ. ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ವೀಸಾದಲ್ಲಿ ಬಂದು ಅವಧಿ ಮೀರಿ ಉಳಿದವನು ಅಮೆರಿಕನ್ ಪ್ರಜೆಯನ್ನು ಮದುವೆಯಾದರೆ ಸಾಮಾನ್ಯವಾಗಿ ಅಲ್ಲಿದ್ದುಕೊಂಡೇ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು. ತಪಾಸಣೆಯಿಲ್ಲದೆ ಗಡಿ ದಾಟಿದವನಿಗೆ ಆ ಅನುಕೂಲವಿಲ್ಲ. ಅವನು ದೇಶ ಬಿಟ್ಟು ತನ್ನೂರಿನ ಅಮೆರಿಕನ್ ದೂತಾವಾಸದಲ್ಲಿ ಅರ್ಜಿ ಹಾಕಬೇಕು. ಆದರೆ 1996ರ ಕಾನೂನೊಂದರ ಪ್ರಕಾರ 180 ದಿನಕ್ಕಿಂತ ಹೆಚ್ಚು ಅಕ್ರಮವಾಗಿ ಇದ್ದು ಹೊರಗೆ ಹೋದವನು ಮೂರು ವರ್ಷ ವಾಪಸ್ ಬರುವಂತಿಲ್ಲ. ಒಂದು ವರ್ಷ ದಾಟಿದ್ದರೆ ಹತ್ತು ವರ್ಷ. ಸರಿಪಡಿಸಿಕೊಳ್ಳಲು ಹೊರಗೆ ಹೋಗಬೇಕು, ಹೋದರೆ ಹತ್ತು ವರ್ಷ ಹೆಂಡತಿ ಮಕ್ಕಳಿಂದ ದೂರ. ಕೆಲವರಿಗೆ ವಿನಾಯಿತಿ ಸಿಗುತ್ತದೆ. ಉಳಿದವರು ಹೋಗುವುದೇ ಇಲ್ಲ. 2024ರ ಜೂನ್‌ನಲ್ಲಿ ಬೈಡನ್ ಸರ್ಕಾರ ಇಂಥ ದಂಪತಿಗಳಿಗೆಂದು ಯೋಜನೆಯೊಂದನ್ನು ಘೋಷಿಸಿತು, ನವೆಂಬರಿನಲ್ಲಿ ಟೆಕ್ಸಾಸಿನ ಫೆಡರಲ್ ನ್ಯಾಯಾಲಯ ಅದನ್ನು ರದ್ದು ಮಾಡಿತು.

ಈ ಸ್ಥಿತಿ ಬಂದದ್ದು ಹೇಗೆ ಎಂಬುದಕ್ಕೆ ಸ್ವಲ್ಪ ಇತಿಹಾಸ ಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಅಮೆರಿಕ ತನ್ನ ಹೊಲಗಳಿಗೆ ಮೆಕ್ಸಿಕೋದಿಂದ ಕೂಲಿಗಳನ್ನು ತಾನೇ ಕರೆಸಿಕೊಂಡಿತು. ‘ಬ್ರಾಸೆರೊ’ ಎಂಬ ಆ ಯೋಜನೆ 1964ರವರೆಗೆ ನಡೆಯಿತು, 40 ಲಕ್ಷಕ್ಕೂ ಹೆಚ್ಚು ಕರಾರುಗಳಾದವು. ಯೋಜನೆ ನಿಂತಿತು, 1965ರ ವಲಸೆ ಕಾನೂನು ಪಶ್ಚಿಮ ಗೋಳಾರ್ಧದ ದೇಶಗಳಿಂದ ಬರುವವರಿಗೂ ಮೊದಲ ಬಾರಿ ಮಿತಿ ಹಾಕಿತು. ಹೊಲಗಳು ಅಲ್ಲೇ ಇದ್ದವು, ಬೆಳೆ ಅದೇ ಕಾಲಕ್ಕೆ ಕೊಯ್ಲಿಗೆ ಬರುತ್ತಿತ್ತು, ಅದೇ ಹಳ್ಳಿಗಳ ಗಂಡಸರು ಅದೇ ಮಾಲೀಕರ ಬಳಿಗೆ ಬರುತ್ತಿದ್ದರು. ಕಾಗದ ಮಾತ್ರ ಇರಲಿಲ್ಲ.

ಇಪ್ಪತ್ತು ವರ್ಷ ಹೀಗೆ ನಡೆದ ಮೇಲೆ 1986ರ ನವೆಂಬರ್ 6ರಂದು ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾನೂನು ಇಡೀ ಚರ್ಚೆಯ ತಿರುಳು. ಇದನ್ನು ತಿಳಿಯದೆ ಇಂದಿನ ಒಂದು ವಾದವೂ ಅರ್ಥವಾಗುವುದಿಲ್ಲ. ಅದೊಂದು ಕೊಡುಕೊಳೆ. 1982ರ ಜನವರಿ 1ಕ್ಕೆ ಮೊದಲಿನಿಂದ ಅಲ್ಲಿದ್ದವರನ್ನು ಸಕ್ರಮಗೊಳಿಸುವುದು. ಇನ್ನು ಮುಂದೆ ಕಾಗದವಿಲ್ಲದವರಿಗೆ ಕೆಲಸ ಕೊಡುವ ಮಾಲೀಕನನ್ನು ಶಿಕ್ಷಿಸುವುದು. ಗಡಿ ಬಿಗಿ ಮಾಡುವುದು. 1986ರ ಮೇ 1ಕ್ಕೆ ಮುಗಿದ ವರ್ಷದಲ್ಲಿ 90 ದಿನ ಹೊಲದಲ್ಲಿ ದುಡಿದವರಿಗೂ ಪ್ರತ್ಯೇಕ ಅವಕಾಶವಿತ್ತು. ಒಟ್ಟು ಸುಮಾರು 27 ಲಕ್ಷ ಜನ ಸಕ್ರಮಗೊಂಡರು. ಕೃಷಿ ವಿಭಾಗಕ್ಕೆ ನಿರೀಕ್ಷೆಯನ್ನು ಎಷ್ಟೋ ಪಟ್ಟು ಮೀರಿ ಅರ್ಜಿ ಬಂದವು, ಸುಳ್ಳು ಪತ್ರಗಳೂ ಧಾರಾಳವಾಗಿ ಬಂದವು. ನೆಲದಲ್ಲಿ ಹಬ್ಬುವ ಸ್ಟ್ರಾಬೆರಿಯನ್ನು ಏಣಿ ಹಾಕಿ ಕಿತ್ತೆವು ಎಂದವರ ಕಥೆಗಳು ಆಗ ಓಡಾಡುತ್ತಿದ್ದವು.

ಶಿಕ್ಷೆಯ ಭಾಗ ಮಾತ್ರ ಸಡಿಲ. ಕೆಲಸಕ್ಕೆ ಬಂದವನು ತೋರಿಸಿದ ಕಾಗದ ಮೇಲುನೋಟಕ್ಕೆ ಅಸಲಿಯಂತೆ ಕಂಡರೆ ಸಾಕು, ಮಾಲೀಕನ ಹೊಣೆ ಮುಗಿಯಿತು. ನಕಲಿ ಕಾರ್ಡುಗಳ ವ್ಯಾಪಾರ ಕುದುರಿತು. ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆ: ಮುಂದೆ ಬರಲಿರುವ ಕೂಲಿಗಳಿಗೆ ಸಾಕಷ್ಟು ಕಾನೂನುಬದ್ಧ ದಾರಿಯನ್ನೇ ಅದು ಮಾಡಲಿಲ್ಲ. ಕಳೆದುಹೋದದ್ದರ ಲೆಕ್ಕ ಚುಕ್ತಾ ಮಾಡಿ, ಬರುವುದರ ಲೆಕ್ಕ ತೆರೆಯದೆ ಬಿಟ್ಟರು. ನನ್ನ ದೃಷ್ಟಿಯಲ್ಲಿ ಆಮೇಲಿನ ನಲವತ್ತು ವರ್ಷದ ತಕರಾರಿನ ಮೂಲ ಇಲ್ಲೇ ಇದೆ.

1994ರ ನಂತರ ಸ್ಯಾನ್ ಡಿಯೇಗೋ ಕಡೆಯಿಂದ ಗಡಿ ಬಿಗಿಯಾಗುತ್ತಾ ಬಂತು. ಪ್ರಿನ್ಸ್‌ಟನ್‌ನ ಸಮಾಜಶಾಸ್ತ್ರಜ್ಞ ಡಗ್ಲಸ್ ಮ್ಯಾಸಿ ಇದರ ಒಂದು ವಿಚಿತ್ರ ಪರಿಣಾಮವನ್ನು ದಾಖಲಿಸಿದರು. ಮೊದಲು ಸುಗ್ಗಿಗೆ ಬಂದು, ದುಡಿದು, ಊರಿಗೆ ಮರಳುತ್ತಿದ್ದ ಗಂಡಸರು ಈಗ ಹೋಗಲು ಹಿಂಜರಿದರು, ಏಕೆಂದರೆ ಮತ್ತೆ ದಾಟುವುದು ದುಬಾರಿ, ಅಪಾಯ. ಅವರು ಅಲ್ಲೇ ಉಳಿದರು, ಹೆಂಡತಿ ಮಕ್ಕಳನ್ನೂ ಕರೆಸಿಕೊಂಡರು. ಬಿಗಿ ಮಾಡಿದ ಗಡಿ ಬರುವವರಷ್ಟೇ ಹೋಗುವವರನ್ನೂ ತಡೆಯಿತು ಎಂಬುದು ಅವರ ವಾದ. 2007ರ ಹೊತ್ತಿಗೆ ಪ್ಯೂ ಅಂದಾಜಿನಲ್ಲಿ ಸಂಖ್ಯೆ 1.2 ಕೋಟಿ ಮುಟ್ಟಿತ್ತು.

1986ರ ಈ ಅನುಭವವನ್ನು ಎರಡೂ ಪಕ್ಷದವರು ತಮ್ಮ ಸಾಕ್ಷಿಯಾಗಿ ಕರೆಯುತ್ತಾರೆ. ಅದನ್ನು ಅರ್ಥ ಮಾಡಿಕೊಳ್ಳಲು ಕರ್ನಾಟಕದವರು ದೂರ ಹೋಗಬೇಕಿಲ್ಲ, ಬಗರ್ ಹುಕುಂ ನೆನಪಿಸಿಕೊಂಡರೆ ಸಾಕು. ಸರ್ಕಾರಿ ಜಮೀನು ಉಳುಮೆ ಮಾಡಿಕೊಂಡವರಿಂದ ನಮೂನೆ 50ರಲ್ಲಿ ಅರ್ಜಿ ಕರೆದರು, ಮುಂದೆ ನಮೂನೆ 53, ಆಮೇಲೆ ನಮೂನೆ 57. ಪ್ರತಿ ಸಲವೂ ‘ಇಂಥ ದಿನಾಂಕಕ್ಕೆ ಮೊದಲು ಸಾಗುವಳಿ ಮಾಡಿದ್ದರೆ’ ಎಂಬ ಗೆರೆ. ಪ್ರತಿ ಸಲವೂ ತಾಲ್ಲೂಕು ಕಚೇರಿಯ ಮುಂದೆ ಎರಡು ಮಾತು. ತಲೆಮಾರಿನಿಂದ ಉತ್ತವನನ್ನು ಎಬ್ಬಿಸಿ ಎಲ್ಲಿಗೆ ಕಳಿಸುತ್ತೀರಿ ಎಂಬುದು ಒಂದು. ಕಾನೂನು ಪಾಲಿಸಿ ಸುಮ್ಮನಿದ್ದವನು ದಡ್ಡನೇ ಎಂಬುದು ಇನ್ನೊಂದು. ಅಮೆರಿಕದ ವಾದವೂ ಹೆಚ್ಚುಕಡಿಮೆ ಇದೇ. ಒಮ್ಮೆ ಕ್ಷಮಿಸಿದರೆ ಮುಂದಿನ ಕ್ಷಮೆಗಾಗಿ ಜನ ಬರುತ್ತಲೇ ಇರುತ್ತಾರೆ, 1986ರ ನಂತರ ಆದದ್ದು ಅದೇ ಎನ್ನುತ್ತಾರೆ ವಿರೋಧಿಗಳು. ಜನರನ್ನು ಎಳೆದದ್ದು ಕ್ಷಮೆಯಲ್ಲ ಕೆಲಸ, ಕಾನೂನು ಅದಕ್ಕೆ ದಾರಿ ಕೊಡಲಿಲ್ಲ ಎನ್ನುತ್ತಾರೆ ಬೆಂಬಲಿಗರು. ಆದರೆ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಬೇಕು. ಅಲ್ಲಿ ಪ್ರಶ್ನೆ ಜಮೀನಿನದ್ದಲ್ಲ, ಮನುಷ್ಯನದ್ದು. ಗಡೀಪಾರಾದ ಎಷ್ಟೋ ಮಂದಿಯ ಮಕ್ಕಳು ಹುಟ್ಟಿನಿಂದಲೇ ಅಮೆರಿಕದ ಪ್ರಜೆಗಳು.

ಯಾರು ಯಾವ ಕಡೆ ಎಂಬುದೂ ಒಂದೇ ತೆರನಾಗಿ ಉಳಿದಿಲ್ಲ. ರೈತ ಕೂಲಿಗಳ ನಾಯಕ ಸೀಸರ್ ಚಾವೆಜ್ ಅವರ ಸಂಘಟನೆ 1970ರ ದಶಕದಲ್ಲಿ, ಮುಷ್ಕರ ಮುರಿಯಲು ಮಾಲೀಕರು ತರಿಸುತ್ತಿದ್ದ ದಾಖಲೆಯಿಲ್ಲದ ಕೂಲಿಗಳ ವಿರುದ್ಧವೇ ಹೋರಾಡಿತ್ತು. ದೇಶದ ದೊಡ್ಡ ಕಾರ್ಮಿಕ ಒಕ್ಕೂಟ ಎಎಫ್‌ಎಲ್-ಸಿಐಒ 1986ರಲ್ಲಿ ಮಾಲೀಕರಿಗೆ ಶಿಕ್ಷೆ ಎಂಬುದನ್ನು ಬೆಂಬಲಿಸಿತ್ತು. 2000ದಲ್ಲಿ ನಿಲುವು ಬದಲಿಸಿ ಸಕ್ರಮವನ್ನೇ ಕೇಳಿತು. ಕಾರಣ ವ್ಯಾವಹಾರಿಕ: ಗಡೀಪಾರಿನ ಭಯವಿರುವ ಕೂಲಿಗೆ ಕಡಿಮೆ ಸಂಬಳ ಕೊಟ್ಟರೂ ಅವನು ದೂರುವುದಿಲ್ಲ, ಅದರಿಂದ ಪಕ್ಕದ ಅಮೆರಿಕನ್ನನ ಸಂಬಳವೂ ಇಳಿಯುತ್ತದೆ. 1986ರಲ್ಲಿ ಸಕ್ರಮಗೊಂಡ ಗಂಡಸರ ಕೂಲಿ ಶೇ. 6ರಷ್ಟು ಏರಿತ್ತು ಎಂದು ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು ತೋರಿಸಿದೆ.

ಹಣದ ಲೆಕ್ಕ ಬಂದಾಗ ಎರಡೂ ಕಡೆ ಭಾರೀ ಅಂಕಿಗಳು ಹಾರಾಡುತ್ತವೆ. ದಾಖಲೆಯಿಲ್ಲದವರು 2022ರಲ್ಲಿ ಎಲ್ಲ ಬಗೆಯ ತೆರಿಗೆ ಸೇರಿ 9,670 ಕೋಟಿ ಡಾಲರ್ ಕಟ್ಟಿದರು ಎಂಬುದು ತೆರಿಗೆ ಅಧ್ಯಯನ ಸಂಸ್ಥೆಯೊಂದರ ಅಂದಾಜು. ಸಂಬಳದಿಂದ ಪಿಂಚಣಿ ನಿಧಿಗೆ ಕಡಿತವಾಗುತ್ತದೆ, ಪಿಂಚಣಿ ಮಾತ್ರ ಅವರಿಗೆ ಸಿಗದು. ಇತ್ತ ಅವರ ಮಕ್ಕಳ ಶಾಲೆಯ ಖರ್ಚು ಬಹುಪಾಲು ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳ ಮೇಲೆ ಬೀಳುತ್ತದೆ, ಆದಾಯ ಹೆಚ್ಚಾಗಿ ವಾಷಿಂಗ್ಟನ್ನಿಗೆ ಹೋಗುತ್ತದೆ. ಇಂಥವರನ್ನು ಸಕ್ರಮಗೊಳಿಸಲು 2013ರಲ್ಲಿ ಸೆನೆಟ್ ಒಪ್ಪಿದ ಮಸೂದೆಯಿಂದ ಫೆಡರಲ್ ಕೊರತೆ ಇಳಿಯುತ್ತದೆ ಎಂದು ಅಮೆರಿಕದ ಸಂಸತ್ತಿನ ಬಜೆಟ್ ಕಚೇರಿ ಲೆಕ್ಕ ಹಾಕಿತು. ಸಕ್ರಮಗೊಳ್ಳುವವರ ಜೀವಮಾನದ ನಿವ್ವಳ ಖರ್ಚು 6.3 ಲಕ್ಷ ಕೋಟಿ ಡಾಲರ್ ಎಂದು ಅದೇ ವರ್ಷ ಹೆರಿಟೇಜ್ ಫೌಂಡೇಶನ್ ಎಂಬ ಸಂಪ್ರದಾಯವಾದಿ ಚಿಂತಕರ ಸಂಸ್ಥೆ ಹೇಳಿತು. ಒಬ್ಬರು ಹತ್ತಿಪ್ಪತ್ತು ವರ್ಷ ನೋಡಿದರು, ಇನ್ನೊಬ್ಬರು ಮುಪ್ಪಿನ ಪಿಂಚಣಿ, ಔಷಧಿವರೆಗೆ ನೋಡಿದರು. ಎಷ್ಟು ದೂರದವರೆಗೆ ಲೆಕ್ಕ ಹಾಕಿದ್ದಾರೆ ಎಂದು ಕೇಳದೆ ಇಂಥ ಅಂಕಿ ಒಪ್ಪಬಾರದು.

ಮಕ್ಕಳ ವಿಷಯದಲ್ಲಿ ಮಾತ್ರ ಅಮೆರಿಕದವರ ಮನಸ್ಸು ಮೊದಲಿನಿಂದಲೂ ಸ್ವಲ್ಪ ಮೆತ್ತಗೆ. ಟೆಕ್ಸಾಸ್ ರಾಜ್ಯ ದಾಖಲೆಯಿಲ್ಲದ ಮಕ್ಕಳನ್ನು ಸರ್ಕಾರಿ ಶಾಲೆಯಿಂದ ಹೊರಗಿಡಲು ಹೋದಾಗ 1982ರಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ತಡೆಯಿತು. ಅಪ್ಪ ಅಮ್ಮನ ಕೈ ಹಿಡಿದು ಬಂದ ಕೂಸಿನ ತಪ್ಪೇನು ಎಂಬುದೇ ಅದರ ಹಿಂದಿನ ತರ್ಕ. ಆದರೆ ಶಾಲೆ ಮುಗಿದ ಮೇಲೆ? ಇವರಿಗೆಂದು ‘ಡ್ರೀಮ್’ ಮಸೂದೆ 2001ರಲ್ಲಿ ಮೊದಲು ಬಂತು, 2010ರಲ್ಲಿ ಕೆಳಮನೆ ದಾಟಿ ಸೆನೆಟ್‌ನಲ್ಲಿ 55-41ಕ್ಕೆ ನಿಂತುಹೋಯಿತು. ಬಹುಮತ ಇದ್ದೂ ಏಕೆ ನಿಂತಿತು ಎಂದರೆ, ಚರ್ಚೆ ಮುಗಿಸಿ ಮತಕ್ಕೆ ಹಾಕಲು ಅಲ್ಲಿ 60 ಮತ ಬೇಕು. ಕೊನೆಗೆ 2012ರ ಜೂನ್ 15ರಂದು ಒಬಾಮಾ ಸರ್ಕಾರ ‘ಡಾಕಾ’ ಯೋಜನೆ ಘೋಷಿಸಿತು. ಹದಿನಾರು ತುಂಬುವ ಮುನ್ನ ಬಂದು, 2007ರಿಂದ ಅಲ್ಲೇ ಇರುವವರಿಗೆ ಎರಡೆರಡು ವರ್ಷದ ಅಭಯ, ಕೆಲಸದ ಪರವಾನಗಿ. 8 ಲಕ್ಷಕ್ಕೂ ಹೆಚ್ಚು ಮಂದಿ ಇದರ ಪ್ರಯೋಜನ ಪಡೆದರು. ಅದು ಕಾನೂನಲ್ಲ, ಆಡಳಿತದ ಆದೇಶ. ಹಾಗಾಗಿ ಅಂದಿನಿಂದ ಕೋರ್ಟಿನಿಂದ ಕೋರ್ಟಿಗೆ ಅಲೆಯುತ್ತಲೇ ಇದೆ.

ನಮ್ಮವರಿಗೆ ತೀರ ಹತ್ತಿರದ ವಿಷಯ ಬರುವುದು ಇಲ್ಲೇ. ಎಚ್-1ಬಿ ವೀಸಾದವರ ಮಕ್ಕಳು ತಂದೆ ತಾಯಿಯ ಆಶ್ರಯದಲ್ಲಿ ಕಾನೂನುಬದ್ಧವಾಗಿಯೇ ಬೆಳೆಯುತ್ತಾರೆ. ಆದರೆ ಉದ್ಯೋಗದ ಗ್ರೀನ್ ಕಾರ್ಡುಗಳಲ್ಲಿ ಒಂದೊಂದು ದೇಶಕ್ಕೆ ಶೇ. 7ರ ಮಿತಿ ಇರುವುದರಿಂದ ಭಾರತೀಯರ ಸರದಿ ದಶಕಗಳಷ್ಟು ಉದ್ದ. ಅಪ್ಪನ ಸರದಿ ಬರುವ ಮುನ್ನ ಮಗಳಿಗೆ 21 ತುಂಬಿತೆಂದರೆ ಅವಳ ಆಶ್ರಯ ಮುಗಿಯುತ್ತದೆ. ಬೇರೆ ವೀಸಾ ಹುಡುಕಬೇಕು, ಇಲ್ಲವೇ ಮೂರು ವರ್ಷದ ಮಗುವಾಗಿದ್ದಾಗ ಬಿಟ್ಟ ದೇಶಕ್ಕೆ ಹೊರಡಬೇಕು. ಡಾಕಾ ಅವಳಿಗೆ ಸಿಗದು, ಏಕೆಂದರೆ 2012ರ ಜೂನ್ 15ರಂದು ಕಾನೂನು ಮಾನ್ಯತೆ ಇಲ್ಲದಿರಬೇಕು ಎಂಬುದು ಡಾಕಾದ ಷರತ್ತು! ಕನ್ನಡ ಕೂಟಗಳಲ್ಲಿ ‘ಅಕ್ರಮದವರಿಗೆ ಮೊದಲು, ನಮಗೆ ಯಾವಾಗ’ ಎಂಬ ಸಿಟ್ಟು ಕೇಳಿಬಂದರೆ ಅದರ ಬೇರು ಇಲ್ಲಿದೆ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಇವಳ ಸರದಿ ತಡವಾಗಿರುವುದು ದೇಶವಾರು ಮಿತಿಯಿಂದ, ಲೆಟ್ಯೂಸ್ ಕೀಳುವವನಿಂದಲ್ಲ. ಸಕ್ರಮ ಮತ್ತು ಅಕ್ರಮದ ನಡುವಿನ ಅಂತರವೂ ನಾವು ಅಂದುಕೊಂಡಷ್ಟು ದೊಡ್ಡದಲ್ಲ: ಎಚ್-1ಬಿಯವನ ಕೆಲಸ ಹೋದರೆ ಬೇರೆ ದಾರಿ ಕಂಡುಕೊಳ್ಳಲು ಅವನಿಗಿರುವುದು ಹೆಚ್ಚೆಂದರೆ 60 ದಿನ.

ದೊಡ್ಡ ಪರಿಹಾರ ಸಮೀಪಿಸಿದ್ದು ಎರಡು ಸಲ. 2006ರಲ್ಲಿ ಸೆನೆಟ್ 62-36ರಿಂದ ಮಸೂದೆ ಒಪ್ಪಿತು; 2013ರಲ್ಲಿ 68-32ರಿಂದ. ಎರಡನೆಯದರಲ್ಲಿ ಹದಿಮೂರು ವರ್ಷದ ಪೌರತ್ವದ ಹಾದಿ, ಗಡಿಗೆ ಅಪಾರ ಹಣ, ಮುಂದೆ ಬರುವ ಕೂಲಿಗಳಿಗೆ ಹೊಸ ವೀಸಾ, ಮೂರೂ ಇದ್ದವು. 1986ರ ಕೊರತೆಯನ್ನು ತುಂಬಲು ಹೊರಟ ಮಸೂದೆ ಅದು ಎನ್ನಬಹುದು. ಕೆಳಮನೆಯ ನಾಯಕರು ಅದನ್ನು ಮತಕ್ಕೇ ಹಾಕಲಿಲ್ಲ. 2025ರಲ್ಲಿ ಗಾಳಿ ಪೂರ್ತಿ ಆಚೆ ಕಡೆ ತಿರುಗಿತು. ಬಂಧನ ಮತ್ತು ಗಡೀಪಾರಿಗೆ ಹಿಂದೆಂದೂ ಇಲ್ಲದಷ್ಟು ಹಣ ಮಂಜೂರಾಯಿತು.

ಇಷ್ಟೆಲ್ಲದರ ನಡುವೆ ಬಹಳ ಜನ ಮರೆತಿರುವ ಹಳೆಯ ಕಾನೂನೊಂದಿದೆ. 1929ರಲ್ಲಿ ಅಮೆರಿಕದ ಸಂಸತ್ತು ‘ರಿಜಿಸ್ಟ್ರಿ’ ಎಂಬ ವ್ಯವಸ್ಥೆ ಮಾಡಿತು: 1921ರ ಜೂನ್ 3ಕ್ಕೆ ಮೊದಲು ಬಂದು, ಅಲ್ಲೇ ಇದ್ದು, ನಡತೆ ಚೆನ್ನಾಗಿದ್ದರೆ ಅವರ ಪ್ರವೇಶವನ್ನು ದಾಖಲು ಮಾಡಿಕೊಂಡು ಕಾಯಂ ನಿವಾಸಿ ಎನ್ನುವುದು. ಆಗ ಇದರ ಫಲ ಪಡೆಯಬಹುದಾದವರಲ್ಲಿ ಹೆಚ್ಚಿನವರು ಯುರೋಪಿನಿಂದ ಬಂದವರು. ಆಮೇಲೆ ಆ ದಿನಾಂಕವನ್ನು 1924ಕ್ಕೆ, 1940ಕ್ಕೆ, 1948ಕ್ಕೆ ಸರಿಸಿದರು. ಕೊನೆಯದಾಗಿ 1986ರಲ್ಲಿ 1972ರ ಜನವರಿ 1ಕ್ಕೆ. ಅಲ್ಲಿಗೆ ನಿಂತಿತು. ಬೇಲಿ ಬೇಕು, ಮಾಲೀಕನ ಮೇಲೆ ನಿಗಾ ಬೇಕು, ಹೊಸ ಕೂಲಿಗಳಿಗೆ ವೀಸಾ ಬೇಕು. ಇವೆಲ್ಲದರ ಜೊತೆಗೆ, ಇಂತಿಷ್ಟು ವರ್ಷ ಬಾಳಿದವನನ್ನು ಕಾನೂನು ಗುರುತಿಸಲೇಬೇಕು ಎಂಬುದು ನನ್ನ ಒಲವು. ಅದಕ್ಕೆ ಹೊಸ ತತ್ವವೇನೂ ಬೇಕಿಲ್ಲ, ರಿಜಿಸ್ಟ್ರಿಯ ಆ ದಿನಾಂಕ ಸರಿಸಿದರೆ ಸಾಕು. ಕ್ಯಾಲಿಫೋರ್ನಿಯಾದ ಸೆನೆಟರ್ ಅಲೆಕ್ಸ್ ಪಡಿಯಾ 2022ರಲ್ಲಿ ಮಂಡಿಸಿದ ಮಸೂದೆ ಕೇಳಿದ್ದು ಇದನ್ನೇ: ನಿಗದಿತ ದಿನಾಂಕದ ಬದಲು, ಏಳು ವರ್ಷ ಇದ್ದವರು ಅರ್ಜಿ ಹಾಕಲಿ. ಅದು ಸೆನೆಟ್‌ನಲ್ಲಿ ಮತಕ್ಕೆ ಬರಲಿಲ್ಲ. 1972ರ ಜನವರಿ ಕಳೆಯುತ್ತಿದ್ದಂತೆ ತಾಯಿಯ ಕಂಕುಳಲ್ಲಿ ಗಡಿ ದಾಟಿದ ಕೂಸಿಗೆ ಈಗ ಐವತ್ತು ದಾಟಿದೆ. ರಿಜಿಸ್ಟ್ರಿಯ ಪ್ರಕಾರ ಅವನು ತಡವಾಗಿ ಬಂದವನು.